ಕಡಲ ದಂಡೆಯಲ್ಲಿ ಮದುವೆ, ಹಿಂದಿನ ರಾತ್ರಿ ವಿಮಾನ: ಏನೆಲ್ಲ ತಯಾರಿ ಬೇಕು?

ಪ್ರಶ್ನೆ: ನನ್ನ ಆಪ್ತ ಗೆಳತಿಯ ಮದುವೆಗೆ ಇನ್ನು ಎರಡು ತಿಂಗಳಿದೆ. ಬೇರೆ ದೇಶದ ಒಂದು ದ್ವೀಪದಲ್ಲಿ, ಕಡಲ ದಂಡೆಯಲ್ಲೇ ಮದುವೆ. ಮಧ್ಯಾಹ್ನ 3.30ಕ್ಕೆ ಕಾರ್ಯಕ್ರಮ ಶುರು. ರಾತ್ರಿ 8.30ಕ್ಕೆ ಅಲ್ಲೇ ತೋಟದಲ್ಲಿ ಊಟ, ಹಾಡು, ಕುಣಿತ. ನಾನು, ನನ್ನ 69 ವರ್ಷದ ಅಮ್ಮ, 7 ವರ್ಷದ ಮಗ ಹೋಗುತ್ತಿದ್ದೇವೆ. ಅಮ್ಮನಿಗೆ ಬಿ.ಪಿ. ಇದೆ. ಅದಕ್ಕೆ ಕೊಡುವ ಮಾತ್ರೆಗಳಲ್ಲಿ ಒಂದು ಮೂತ್ರ ಜಾಸ್ತಿ ಹೋಗಿಸುವಂಥದ್ದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೋತಾರೆ. ದ್ವೀಪ ನಮಗೆ ಪಶ್ಚಿಮಕ್ಕಿದೆ, ಸಮಯ 7 ಗಂಟೆ ಹಿಂದೆ. ರಜೆ ಕಡಿಮೆ, ಹಾಗಾಗಿ ಮದುವೆಯ ಹಿಂದಿನ ರಾತ್ರಿ ಇಳಿಯುವಂತೆ ಟಿಕೆಟ್ ಮಾಡಿಸಿದ್ದೇವೆ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಹೊಟ್ಟೆ ಕೆಡದಂತೆ ಮೊದಲ ದಿನದಿಂದಲೇ ಆಂಟಿಬಯೋಟಿಕ್ ತಗೊಳ್ಳಿ ಅಂತ ಒಬ್ಬರು. ಸೊಳ್ಳೆ ಕಚ್ಚೋದು ರಾತ್ರಿ ಮಾತ್ರ ಅಂತ ಇನ್ನೊಬ್ಬರು. ಮೋಡ ಇದ್ದರೆ ಸನ್‌ಸ್ಕ್ರೀನ್ ಬೇಡ, ನೀರು ಎಷ್ಟು ಬೇಕಾದರೂ ಕುಡೀರಿ ಅಂತ ಮತ್ತೊಬ್ಬರು. ಯಾವುದು ಸರಿ? ಅಮ್ಮನನ್ನು ಕರೆದುಕೊಂಡು ಹೋಗೋದೇ ತಪ್ಪಾ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇವೆ. ಆದರೆ ನನ್ನ ಕಣ್ಣು ನಿಂತದ್ದು ನೀವು ಪ್ರಶ್ನೆಯಾಗಿ ಕೇಳದ ಒಂದು ಮಾತಿನ ಮೇಲೆ. ಮದುವೆಯ ಹಿಂದಿನ ರಾತ್ರಿ ಇಳಿಯುತ್ತೇವೆ ಅಂದಿದ್ದೀರಲ್ಲ, ಅಲ್ಲಿ. ಸೊಳ್ಳೆ, ಹೊಟ್ಟೆ, ಬಿಸಿಲು ಎಲ್ಲದರ ಬಗ್ಗೆಯೂ ಹೇಳುತ್ತೇನೆ. ಮೊದಲು ಇದನ್ನು ನೋಡೋಣ.

ವಿದೇಶಕ್ಕೆ ಹೊರಟವರ ಆರೋಗ್ಯ ನೋಡುವ ವೈದ್ಯ ನಾನು. ಮದುವೆಗೆ ಹೊರಟವರು ಬಂದು ಕೂತಾಗ ಹೆಚ್ಚಾಗಿ ಕೇಳುವುದು ದೊಡ್ಡ ದೊಡ್ಡ ಕಾಯಿಲೆಗಳ ಬಗ್ಗೆ. ವಾಪಸ್ ಬಂದು ಹೇಳುವ ಕಥೆ ಬೇರೆ ಇರುತ್ತದೆ. ‘ಅಪ್ಪ ನಿಂತಲ್ಲೇ ಕಣ್ಣುಕತ್ತಲೆ ಬಂದು ಬಿದ್ದರು’, ‘ಮಗು ಅತ್ತೂ ಅತ್ತೂ ವಾಂತಿ ಮಾಡ್ಕೊಂಡಿತು’, ‘ಸೂಟ್‌ಕೇಸ್ ಬರಲೇ ಇಲ್ಲ, ಮಾತ್ರೆ ಅದರಲ್ಲೇ ಇತ್ತು’. ಇಂಥದ್ದೇ. ಇವುಗಳಲ್ಲಿ ಬಹಳಷ್ಟಕ್ಕೆ ಕಾರಣ ಒಂದೇ. ದಣಿದ ಮೈ, ನಿದ್ದೆ ಇಲ್ಲದ ತಲೆ, ಸರಿಯಾಗಿ ನೀರು ಕುಡಿಯದ ಒಂದು ದಿನ. ಇಷ್ಟರ ಮೇಲೆ ನೇರ ಬಿಸಿಲಿಗೆ ಹೋಗಿ ಕೂರುವುದು.

ನಿಮ್ಮ ಲೆಕ್ಕವನ್ನೇ ಹಾಕಿ ನೋಡಿ. ಅಲ್ಲಿ ಮಧ್ಯಾಹ್ನ 3.30 ಆದಾಗ ನಿಮ್ಮ ಮೈಯೊಳಗಿನ ಗಡಿಯಾರದಲ್ಲಿ ರಾತ್ರಿ 10.30. ಅಲ್ಲಿ 8.30ಕ್ಕೆ ಊಟಕ್ಕೆ ಕೂತಾಗ ಮೈಗೆ ಬೆಳಗಿನ ಜಾವ 3.30. ನಿಮ್ಮ ಮಗ ಆ ಹೊತ್ತಿನಲ್ಲಿ ಹಠ ಮಾಡಿದರೆ ಅದು ಹಠ ಅಲ್ಲ, ನಿದ್ದೆ. ನಿಮ್ಮ ಅಮ್ಮನ ಇನ್ಸುಲಿನ್ ಹೊತ್ತು, ಊಟದ ಹೊತ್ತು ಎರಡೂ ಅದೇ ದಿನ ತಲೆಕೆಳಗಾಗಿರುತ್ತವೆ. ಮೈಯ ಗಡಿಯಾರ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಸಮಯದ ವ್ಯತ್ಯಾಸದ ಒಂದೊಂದು ಗಂಟೆಗೂ ಸುಮಾರಾಗಿ ಒಂದು ದಿನ ಬೇಕು. ಪಶ್ಚಿಮಕ್ಕೆ ಹೋಗುವುದು ಪೂರ್ವಕ್ಕೆ ಹೋದಷ್ಟು ಕಷ್ಟವಲ್ಲ, ಆದರೂ ಒಂದೇ ರಾತ್ರಿಯಲ್ಲಿ 7 ಗಂಟೆ ಸರಿಹೋಗುವುದಿಲ್ಲ.

ಹಾಗಾದರೆ ನಿಮ್ಮ ಮುಂದೆ ಏನಿದೆ? ಒಂದು ದಾರಿ, ಟಿಕೆಟ್ ಬದಲಿಸಿ ಎರಡು ದಿನ ಮೊದಲೇ ಇಳಿಯುವುದು. ಖರ್ಚು ಇದೆ, ರಜೆ ಹೋಗುತ್ತದೆ. ಆದರೆ ನೀವು ಮಾಡಬಹುದಾದ ಎಲ್ಲ ತಯಾರಿಗಿಂತ ಇದೇ ಹೆಚ್ಚು ಕೆಲಸ ಮಾಡುತ್ತದೆ. ಸೆಕೆಗೆ ಮೈ ಪೂರ್ತಿ ಒಗ್ಗಲು ಒಂದರಿಂದ ಎರಡು ವಾರ ಬೇಕು, ಎರಡು ದಿನಕ್ಕೆ ಆಗುವುದಿಲ್ಲ. ಆದರೆ ಎರಡು ರಾತ್ರಿ ನಿದ್ದೆ ಸಿಗುತ್ತದೆ, ಕುಡಿಯದ ನೀರು ಮೈಗೆ ವಾಪಸ್ ಸೇರುತ್ತದೆ, ಇನ್ಸುಲಿನ್ ಹೊತ್ತು ಒಂದು ಹದಕ್ಕೆ ಬರುತ್ತದೆ, ಸೂಟ್‌ಕೇಸ್ ತಡವಾದರೂ ಬಂದು ಸೇರಲು ಸಮಯ ಇರುತ್ತದೆ. ಎರಡನೇ ದಾರಿ, ಈಗಿನ ಟಿಕೆಟ್ಟೇ ಇಟ್ಟುಕೊಂಡು ಮದುವೆಯ ದಿನ ಬೆಳಗ್ಗೆಯಿಂದ ಮೂರರವರೆಗೆ ಎಲ್ಲೂ ಹೋಗದೆ ಇರುವುದು. ಬೆಳಗಿನ ದೋಣಿ ಪ್ರಯಾಣ, ಊರು ಸುತ್ತುವುದು ಯಾವುದೂ ಬೇಡ. ಇದರಲ್ಲಿ ಅಪಾಯ ಏನೆಂದರೆ ವಿಮಾನ ಒಂದು ತಪ್ಪಿದರೆ ಮದುವೆಯೇ ತಪ್ಪುತ್ತದೆ. ಮೂರನೆಯದು, ಅಮ್ಮ ಮತ್ತು ಮಗ ಬಿಸಿಲಿನ ಭಾಗ ಬಿಟ್ಟು ಸಂಜೆ ಊಟಕ್ಕೆ ಮಾತ್ರ ಬರುವುದು. ಅಮ್ಮನಿಗೆ ಬೇಸರ ಆಗಬಹುದು. ಅವರನ್ನೇ ಕೇಳಿ ನಿರ್ಧರಿಸಿ, ನೀವೇ ತೀರ್ಮಾನ ಮಾಡಿ ಹೇಳಬೇಡಿ.

ನನ್ನ ಮನೆಯವರಾಗಿದ್ದರೆ ಮೊದಲ ದಾರಿಯನ್ನೇ ಹಿಡಿಯುತ್ತಿದ್ದೆ.

ಇನ್ನು ವಿಮಾನದ ಒಳಗೆ. ಅಲ್ಲಿನ ಗಾಳಿ ತುಂಬ ಒಣ, ತೇವಾಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ. ಬಾಯಿ, ಮೂಗು ಒಣಗುವುದು ಅದರಿಂದ. ಆದರೆ ಹಿರಿಯರಿಗೆ ನೀರು ಕಡಿಮೆಯಾಗುವುದಕ್ಕೆ ನಾನು ಕಂಡ ಮುಖ್ಯ ಕಾರಣ ಬೇರೆ. ಟಾಯ್ಲೆಟ್‌ಗೆ ಪದೇ ಪದೇ ಏಳಬೇಕು, ಪಕ್ಕದವರಿಗೆ ತೊಂದರೆ ಅಂತ ಅವರು ನೀರನ್ನೇ ಮುಟ್ಟುವುದಿಲ್ಲ. ಕೆಲವರು ಮೂತ್ರದ ಮಾತ್ರೆಯನ್ನೂ ಸುಮ್ನೆ ಬಿಟ್ಟುಬಿಡುತ್ತಾರೆ, ಯಾರಿಗೂ ಹೇಳುವುದಿಲ್ಲ. ನಿಮ್ಮ ಅಮ್ಮನಿಗೆ ನಡುದಾರಿಯ ಪಕ್ಕದ ಸೀಟು ಕೇಳಿ ತಗೊಳ್ಳಿ. ಒಂದೆರಡು ಗಂಟೆಗೊಮ್ಮೆ ಎದ್ದು ಓಡಾಡಲಿ. ನಾಲ್ಕು ಗಂಟೆ ಮೀರಿ ಅಲ್ಲಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ ಹೇಳಿದೆ. ಎರಡು ಪಟ್ಟಾದರೂ ಅದು ಆರೋಗ್ಯವಂತರಲ್ಲಿ ಸುಮಾರು 6000ಕ್ಕೆ ಒಬ್ಬರಿಗೆ ಆಗುವಂಥದ್ದು. ಹೆದರಬೇಡಿ, ಎದ್ದು ಓಡಾಡಿದರೆ ಸಾಕು.

ಈಗ ಒಂದು ಫೋನ್ ಮಾಡಿ. ಮದುವೆ ಮನೆಯವರಿಗೆ. ಅತಿಥಿಗಳು ಸಂಕೋಚದಿಂದ ಈ ಕೆಲಸ ಮಾಡುವುದಿಲ್ಲ, ಅವರಿಗೆ ನೂರೆಂಟು ತಲೆಬಿಸಿ ಇರುತ್ತದೆ, ನಾವೂ ಯಾಕೆ ಅಂತ. ಆದರೆ ನೀವು ಕೇಳಿದರೆ ನಿಮಗೆ ಮಾತ್ರ ಅಲ್ಲ, ಅಲ್ಲಿಗೆ ಬರುವ ಎಲ್ಲ ಹಿರಿಯರಿಗೂ ಅನುಕೂಲ. ಎಷ್ಟು ಹೊತ್ತು ಮೊದಲು ಬಂದು ಕೂರಬೇಕು? ಆಮಂತ್ರಣದಲ್ಲಿ 3.30 ಅಂತ ಇದ್ದರೂ 2.45ಕ್ಕೇ ಕೂರಿಸಿ, ಶುರುವಾಗುವುದು ನಾಲ್ಕಕ್ಕೆ ಆಗಬಹುದು. ಅಷ್ಟು ಹೊತ್ತು ಕಾಯುವುದೇ ಮದುವೆಗಿಂತ ಸುಸ್ತು ಮಾಡುತ್ತದೆ. ಕೂರುವ ಜಾಗಕ್ಕೆ ನೆರಳು ಇದೆಯಾ? ಚಪ್ಪರ ಹಾಕುತ್ತಾರಾ, ಇಲ್ಲ ಬಟ್ಟೆಯ ಕಮಾನು ಮಾತ್ರವಾ? ಬಟ್ಟೆಯ ಕಮಾನಿನ ನೆರಳು ವಧೂವರರಿಗೆ ಮಾತ್ರ ಬೀಳುತ್ತದೆ. ಕುರ್ಚಿಗಳು ಯಾವ ದಿಕ್ಕಿಗೆ? ಪಶ್ಚಿಮಕ್ಕೆ ಇದ್ದರೆ ಆ ಹೊತ್ತಿಗೆ ಸೂರ್ಯ ಸೀದಾ ಕಣ್ಣಿಗೆ ಹೊಡೆಯುತ್ತಾನೆ. ವಾಹನ ಇಳಿದ ಮೇಲೆ ಮರಳಲ್ಲಿ ಎಷ್ಟು ದೂರ ನಡೆಯಬೇಕು? ತಣ್ಣಗಿನ ಒಂದು ಕೋಣೆ, ಟಾಯ್ಲೆಟ್ ಹತ್ತಿರದಲ್ಲಿ ಇದೆಯಾ? ಮಳೆ ಬಂದರೆ ಎಲ್ಲಿ? ಕೊನೆಯದು, ಹತ್ತಿರದ ಆಸ್ಪತ್ರೆ ಎಷ್ಟು ದೂರ, ಅಲ್ಲಿಗೆ ಹೋಗಲು ದೋಣಿ ಬೇಕಾ? ಸಣ್ಣ ದ್ವೀಪವಾದರೆ ಈ ಪ್ರಶ್ನೆಗೆ ಬಹಳ ತೂಕ ಇದೆ.

ಒಂದು ಮದುವೆಗೆ ನಾನೂ ಅತಿಥಿಯಾಗಿ ಹೋಗಿದ್ದೆ. ಅಲ್ಲಿ ಹಿರಿಯರೊಬ್ಬರು ಎದ್ದು ನಿಂತವರು ಹಾಗೇ ಕುಸಿದರು. ಅವರಿಗೆ ಯಾವ ದೊಡ್ಡ ಕಾಯಿಲೆಯೂ ಇರಲಿಲ್ಲ. ಬಿಸಿಲಲ್ಲಿ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮೈ ತಣ್ಣಗಾಗಲಿ ಅಂತ. ಅಲ್ಲಾಡದೆ ನಿಂತರೆ ರಕ್ತ ಕಾಲಿನಲ್ಲೇ ನಿಲ್ಲುತ್ತದೆ. ಮಿದುಳಿಗೆ ಒಂದು ಕ್ಷಣ ರಕ್ತ ಕಡಿಮೆಯಾಗುತ್ತದೆ, ಬವಳಿ ಬರುತ್ತದೆ. ಬಿ.ಪಿ. ಮಾತ್ರೆ ತಗೊಳ್ಳುವವರಿಗೆ, ಅದರಲ್ಲೂ ಮೂತ್ರ ಹೋಗಿಸುವ ಮಾತ್ರೆ ಇರುವವರಿಗೆ ಇದು ಬೇಗ ಆಗುತ್ತದೆ. ಹಾಗಾಗಿ ಎಲ್ಲರೂ ಎದ್ದು ನಿಂತರೂ ನಿಮ್ಮ ಅಮ್ಮ ಕೂತೇ ಇರಲಿ, ಯಾರೂ ತಪ್ಪು ತಿಳಿಯುವುದಿಲ್ಲ. ನಿಲ್ಲಲೇಬೇಕಾದರೆ ಮೊಣಕಾಲು ಬಿಗಿಯಾಗಿ ಹಿಡಿಯದೆ ಹಿಮ್ಮಡಿ ಎತ್ತಿ ಇಳಿಸುತ್ತಿರಲಿ. ತಲೆ ಹಗುರ ಅನಿಸಿದ ತಕ್ಷಣ ಕೂತುಬಿಡಬೇಕು, ಇಲ್ಲ ಮಲಗಬೇಕು. ಸಂಕೋಚ ಬೇಡ.

ಬವಳಿ ಬಂದವರು ಮಲಗಿಸಿದರೆ ಒಂದೆರಡು ನಿಮಿಷದಲ್ಲಿ ಸರಿಹೋಗುತ್ತಾರೆ. ಬಿಸಿಲ ಹೊಡೆತ ಹಾಗಲ್ಲ. ಮೈಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮನುಷ್ಯ ಏನೇನೋ ಮಾತಾಡುತ್ತಾನೆ, ತಡವರಿಸುತ್ತಾನೆ, ಜ್ಞಾನ ತಪ್ಪಬಹುದು. ಮಾತು ಅಸಂಬದ್ಧ ಆಯಿತು ಅಂದರೆ ಕಾಯಬೇಡಿ. ಆಂಬುಲೆನ್ಸ್‌ಗೆ ಹೇಳಿ. ಅದು ಬರುವಷ್ಟರಲ್ಲಿ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಜೋರಾಗಿ ಗಾಳಿ ಹಾಕಿ. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

‘ನೀರು ಎಷ್ಟು ಬೇಕಾದರೂ ಕುಡೀರಿ’ ಅನ್ನುವ ಮಾತು ಬೇರೆಯವರಿಗೆ ಹೇಗೋ, ನಿಮ್ಮ ಅಮ್ಮನಿಗೆ ಸರಿಹೊಂದುವುದಿಲ್ಲ. ಬಿ.ಪಿ.ಗೆ ಕೊಡುವ ಮೂತ್ರದ ಮಾತ್ರೆಗಳಲ್ಲಿ ಕೆಲವು, ಮುಖ್ಯವಾಗಿ ಥಯಾಜೈಡ್ ಗುಂಪಿನವು, ಮೈಯಿಂದ ಸೋಡಿಯಂ ಹೊರಗೆ ಹಾಕುತ್ತವೆ. ಮೇಲಿಂದ ಬೆವರು. ಅದರ ಮೇಲೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ವಯಸ್ಸಾದ ಹೆಂಗಸರಲ್ಲಿ ಇದು ಜಾಸ್ತಿ. ಹಾಗಂತ ಕಡಿಮೆ ಕುಡಿಯುವುದೂ ತಪ್ಪು, ಏಕೆಂದರೆ ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ನಾನು ಹೇಳುವುದು ಇಷ್ಟೇ: ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ, ಊಟ ತಿಂಡಿಯ ಜೊತೆಗೆ ಕುಡಿಯಲಿ. ಮೂತ್ರದ ಬಣ್ಣ ತಿಳಿ ಹಳದಿ ಇದ್ದರೆ ಸಾಕು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹೊರಡುವ ಮೂರು ವಾರ ಮೊದಲು ಅವರ ವೈದ್ಯರ ಹತ್ತಿರ ಹೋಗಿ, ‘ಇಂಥ ಸೆಕೆಗೆ ಹೋಗುತ್ತಿದ್ದೇವೆ, ಪ್ರಮಾಣ ಬದಲಿಸಬೇಕಾ’ ಅಂತ ಕೇಳಿ. ಇನ್ಸುಲಿನ್ ವೇಳಾಪಟ್ಟಿಯನ್ನೂ ಅಂದೇ ಕಾಗದದಲ್ಲಿ ಬರೆಸಿಕೊಳ್ಳಿ. ಪಶ್ಚಿಮಕ್ಕೆ ಹೋಗುವ ದಿನ ನಿಮಗೆ 31 ಗಂಟೆಯ ದಿನ. ಆ ಹೆಚ್ಚಿನ 7 ಗಂಟೆಗೆ ಏನು ಮಾಡಬೇಕು ಅನ್ನುವುದು ಅವರು ತಗೊಳ್ಳುವ ಇನ್ಸುಲಿನ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಬಿಸಿಯಲ್ಲಿ ಇನ್ಸುಲಿನ್ ಚರ್ಮದಿಂದ ರಕ್ತಕ್ಕೆ ಬೇಗ ಸೇರುತ್ತದೆ. ಅಂದರೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯಬಹುದು. ಗ್ಲೂಕೋಮೀಟರ್, ಗ್ಲೂಕೋಸ್ ಅಥವಾ ಸಿಹಿ ಕೈಚೀಲದಲ್ಲೇ ಇರಲಿ, ಹೋಟೆಲ್ ಕೋಣೆಯಲ್ಲಿ ಅಲ್ಲ.

ಇನ್ಸುಲಿನ್ ಯಾವತ್ತೂ ನಿಮ್ಮ ಜೊತೆ ವಿಮಾನದ ಒಳಗೇ ಬರಬೇಕು. ಚೆಕ್-ಇನ್ ಬ್ಯಾಗಿನಲ್ಲಿ ಅದು ಹೆಪ್ಪುಗಟ್ಟಿ ಹಾಳಾಗಬಹುದು. ದಂಡೆಯಲ್ಲಿ ತಣ್ಣನೆಯ ಚೀಲದಲ್ಲಿಡಿ, ಮಂಜುಗಡ್ಡೆಗೆ ನೇರ ತಾಗದಂತೆ ನೋಡಿಕೊಳ್ಳಿ.

ಈಗ ಸೂರ್ಯನ ವಿಷಯ. ಮೋಡ ಇದ್ದರೆ ಸನ್‌ಸ್ಕ್ರೀನ್ ಬೇಡ ಅನ್ನುವುದು ಸುಳ್ಳು. ತೆಳು ಮೋಡದಲ್ಲಿ ನೇರಳಾತೀತ ಕಿರಣಗಳ ಶೇ. 80ರವರೆಗೂ ಇಳಿದು ಬರುತ್ತದೆ. ಮೋಡ ಇದ್ದಾಗ ಸೆಕೆ ಗೊತ್ತಾಗುವುದಿಲ್ಲ, ಹಾಗಾಗಿ ಜನ ಜಾಸ್ತಿ ಹೊತ್ತು ಕೂತು ಜಾಸ್ತಿ ಸುಟ್ಟುಕೊಳ್ಳುತ್ತಾರೆ. ಮೈಬಣ್ಣ ಕಪ್ಪಿದ್ದವರಿಗೆ ಬೇಡ ಅನ್ನುವವರೂ ಇದ್ದಾರೆ. ಚರ್ಮ ಸುಡುವುದು ಅವರಿಗೆ ಕಡಿಮೆ ಹೌದು, ಆದರೆ ಕಣ್ಣಿಗೆ ಆಗುವ ಹಾನಿಯಾಗಲಿ ಸೆಕೆಯಾಗಲಿ ಮೈಬಣ್ಣ ನೋಡಿ ಬರುವುದಿಲ್ಲ. ಬಿಳಿ ಮರಳು ತನ್ನ ಮೇಲೆ ಬಿದ್ದ ಕಿರಣದ ಸುಮಾರು ಶೇ. 15ರಷ್ಟನ್ನು ವಾಪಸ್ ಮೇಲಕ್ಕೆ ಎಸೆಯುತ್ತದೆ. ಕಡಲ ನೊರೆ ಸುಮಾರು ಶೇ. 25. ಅದಕ್ಕೇ ದೊಡ್ಡ ಟೊಪ್ಪಿ ಹಾಕಿಕೊಂಡವರಿಗೂ ಗಲ್ಲದ ಕೆಳಗೆ ಸುಟ್ಟಿರುತ್ತದೆ. ಬಿಸಿಲು ಎಷ್ಟು ತೀಕ್ಷ್ಣ ಅಂತ ತಿಳಿಯಲು ನಿಮ್ಮ ನೆರಳನ್ನೇ ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಕಿರಣ ಜೋರಾಗಿದೆ ಅಂತ ಅರ್ಥ.

ಸನ್‌ಸ್ಕ್ರೀನ್ ಡಬ್ಬಿಯ ಮೇಲೆ ಎಸ್‌ಪಿಎಫ್ ಅಂತ ಒಂದು ಅಂಕೆ ಇರುತ್ತದೆ, ಅದು ಎಷ್ಟು ರಕ್ಷಣೆ ಕೊಡುತ್ತದೆ ಅನ್ನುವುದರ ಅಳತೆ. ಎಸ್‌ಪಿಎಫ್ 30 ಚರ್ಮ ಸುಡುವ ಕಿರಣಗಳನ್ನು ಸುಮಾರು ಶೇ. 97ರಷ್ಟು ತಡೆಯುತ್ತದೆ, 50 ಆದರೆ ಶೇ. 98. ವ್ಯತ್ಯಾಸ ಅಷ್ಟೇ. ದೊಡ್ಡ ಅಂಕೆಗಿಂತ ಹಚ್ಚುವ ಪ್ರಮಾಣ ಮುಖ್ಯ. ಹೆಚ್ಚಿನವರು ಹಚ್ಚಬೇಕಾದ್ದರ ಅರ್ಧವನ್ನೂ ಹಚ್ಚುವುದಿಲ್ಲ. ದೊಡ್ಡವರ ಇಡೀ ಮೈಗೆ 30ರಿಂದ 35 ಮಿ.ಲೀ. ಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹೊರಡುವ ಮೊದಲು ಆ ದೇಶದಲ್ಲಿ ಯಾವ ಸನ್‌ಸ್ಕ್ರೀನ್‌ಗೆ ಅವಕಾಶ ಇದೆ ಅಂತ ನೋಡಿಕೊಳ್ಳಿ. ಹವಳದ ದಿಬ್ಬಗಳಿಗೆ ಹಾನಿ ಅಂತ ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವು 2020ರಿಂದ ಸನ್‌ಸ್ಕ್ರೀನ್‌ನಲ್ಲಿರುವ ಕೆಲವು ರಾಸಾಯನಿಕಗಳನ್ನು ನಿಷೇಧಿಸಿದೆ. ಹವಾಯಿಯಲ್ಲಿ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟ 2021ರಿಂದ ನಿಂತಿದೆ. ಸತುವಿನ ಆಕ್ಸೈಡ್ ಇರುವಂಥದ್ದು ಅಂಥ ಕಡೆ ನಡೆಯುತ್ತದೆ. ಆದರೆ ರಾತ್ರಿ ಫ್ಲ್ಯಾಶ್ ಫೋಟೋದಲ್ಲಿ ಅದು ಮುಖವನ್ನು ಬೆಳ್ಳಗೆ ತೋರಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಮುಖ ತೊಳೆದುಬಿಡಿ, ಸರಿಹೋಗುತ್ತದೆ.

ಬಿಸಿಲಲ್ಲಿ ನಿಂಬೆ ಹಿಂಡಿದ ಪಾನೀಯ ಕೈಗೆ ಚೆಲ್ಲಿದರೆ ತಕ್ಷಣ ತೊಳೆಯಿರಿ. ನಿಂಬೆ ರಸ ಇರುವ ಚರ್ಮಕ್ಕೆ ಬಿಸಿಲು ಬಿದ್ದರೆ ಒಂದೆರಡು ದಿನದ ನಂತರ ಬೊಬ್ಬೆ ಏಳುತ್ತದೆ, ಕಲೆ ವಾರಗಟ್ಟಲೆ ಉಳಿಯುತ್ತದೆ. ಸುಟ್ಟ ಗಾಯ ಅಂದುಕೊಂಡು ಬರುವ ಮಕ್ಕಳಲ್ಲಿ ಇದನ್ನು ನೋಡಿದ್ದೇನೆ. ಹಾಗೆಯೇ ಕೆಲವು ಮಾತ್ರೆಗಳು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತವೆ. ಮಲೇರಿಯಾ ತಡೆಗೆ ಕೊಡುವ ಡಾಕ್ಸಿಸೈಕ್ಲಿನ್ ಒಂದು. ಬಿ.ಪಿ.ಯ ಹೈಡ್ರೋಕ್ಲೋರೋಥಯಾಜೈಡ್ ಇನ್ನೊಂದು. ಅಮ್ಮನ ಮಾತ್ರೆ ಪಟ್ಟಿಯಲ್ಲಿ ಅದು ಇದೆಯಾ ನೋಡಿ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮದುವೆ ಮನೆಯವರು ಹೇಳಿದ ಬಣ್ಣ ಹಾಕಿಕೊಳ್ಳಿ. ಸಡಿಲ ಇರಲಿ, ಹತ್ತಿ ಅಥವಾ ಲಿನನ್ ಆಗಲಿ, ತೋಳು ಮುಚ್ಚಲಿ. ಪೂರ್ತಿ ಸಿಂಥೆಟಿಕ್ ಒಳಪದರ ಇರುವ ಉಡುಪು ಬೆವರನ್ನು ಹಿಡಿದಿಡುತ್ತದೆ. ಮರಳಿಗೆ ಸಪೂರ ಹಿಮ್ಮಡಿಯ ಚಪ್ಪಲಿ ಬೇಡ, ಕಾಲು ಉಳುಕುತ್ತದೆ. ಬರಿಗಾಲಲ್ಲಿ ನಡೆಯಿರಿ ಅಂದರೂ ಅಮ್ಮ ಬರಿಗಾಲು ಆಗಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಕಾದ ಮರಳು ಸುಟ್ಟಿದ್ದೇ ಗೊತ್ತಾಗುವುದಿಲ್ಲ. ಇದನ್ನು ದಯವಿಟ್ಟು ಮರೆಯಬೇಡಿ.

ಸೊಳ್ಳೆ ರಾತ್ರಿ ಮಾತ್ರ ಕಚ್ಚುತ್ತದೆ ಅನ್ನುವುದು ಅರ್ಧ ನಿಜ. ಮಲೇರಿಯಾ ತರುವ ಅನಾಫಿಲಿಸ್ ಮುಸ್ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. ಡೆಂಗಿ, ಚಿಕುನ್‌ಗುನ್ಯಾ, ಝೀಕಾ ತರುವ ಈಡಿಸ್ ಹಗಲಿನದು. ಬೆಳಗ್ಗೆ ಮತ್ತು ಕತ್ತಲಾಗುವುದಕ್ಕೆ ಮುಂಚಿನ ಒಂದೆರಡು ಗಂಟೆ ಅದು ಚುರುಕು. ನಿಮ್ಮ ಮದುವೆ ಮುಗಿದು ಫೋಟೋ ತೆಗೆಸಿಕೊಳ್ಳುವ ಹೊತ್ತು ಅದೇ ಅಲ್ವಾ? ಸೊಳ್ಳೆಯನ್ನು ದೂರ ಇಡುವ ಡೀಟ್ ಅನ್ನುವ ರಾಸಾಯನಿಕ ಶೇ. 20ರಿಂದ 30ರಷ್ಟು ಇರುವ ಮುಲಾಮು ಅಥವಾ ಸ್ಪ್ರೇ ತಗೊಳ್ಳಿ, ನಿಮ್ಮ ಮಗನ ವಯಸ್ಸಿಗೂ ಆಗುತ್ತದೆ. ಅವನ ಅಂಗೈ, ಬೆರಳುಗಳಿಗೆ, ಕಣ್ಣು ಬಾಯಿಯ ಸುತ್ತ ಮಾತ್ರ ಹಚ್ಚಬೇಡಿ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಡೀಟ್. ಎರಡೂ ಒಂದರಲ್ಲೇ ಇರುವ ಕ್ರೀಮ್ ಬೇಡ. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಬೇಕು, ಡೀಟ್ ಅಷ್ಟು ಸಲ ಬೇಡ. ಊಟದ ಮೇಜಿನ ಕೆಳಗೆ ಪಾದ, ಮೀನಖಂಡಕ್ಕೇ ಕಚ್ಚುತ್ತವೆ, ಅಲ್ಲಿಗೆ ಹಚ್ಚಲು ಜನ ಮರೆಯುತ್ತಾರೆ. ನಿಮ್ಮ ಬಳಗದಲ್ಲಿ ಯಾರಾದರೂ ಗರ್ಭಿಣಿ ಇದ್ದರೆ, ಝೀಕಾ ಇರುವ ಜಾಗವಾ ಅಂತ ವಿಚಾರಿಸದೆ ಹೊರಡುವುದು ಬೇಡ ಅಂತ ಹೇಳಿ.

ಹೊಟ್ಟೆಗೆ ಮೊದಲ ದಿನದಿಂದಲೇ ಆಂಟಿಬಯೋಟಿಕ್ ತಗೊಳ್ಳುವ ಸಲಹೆಯನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಪ್ರವಾಸದ ಭೇದಿ ಹೆಚ್ಚಿನ ಸಲ ಕೆಲವೇ ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಸುಮ್ಮನೆ ಆಂಟಿಬಯೋಟಿಕ್ ತಗೊಂಡರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಆ ಜಾಗ ಹಿಡಿಯುತ್ತವೆ, ನಿಮ್ಮ ಜೊತೆ ಮನೆಗೂ ಬರುತ್ತವೆ. ಅದರ ಬದಲು ಬೆಂಕಿಯಿಂದ ಇಳಿದು ಬಿಸಿ ಹೊಗೆಯಾಡುತ್ತಿರುವುದನ್ನು ತಿನ್ನಿ. ಹೊರಾಂಗಣದ ಊಟದಲ್ಲಿ ಸಮಸ್ಯೆ ಮೇಜಿನ ಮೇಲೆ ಇಟ್ಟ ತಿನಿಸಿನದು. ಬೇಗ ಕೆಡುವ ತಿನಿಸು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇರಬಾರದು. ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಊಟ ಶುರುವಾದಾಗಲೇ ಬಡಿಸಿಕೊಳ್ಳಿ, ಮಧ್ಯರಾತ್ರಿ ಮತ್ತೆ ಆ ಮೇಜಿಗೆ ಹೋಗಬೇಡಿ. ಐಸ್ ಯಾವ ನೀರಿನದು ಗೊತ್ತಿಲ್ಲದಿದ್ದರೆ ಬಿಡಿ. ಕೈಗೆ ಸೋಪೇ ಬೇಕು, ವಾಂತಿಭೇದಿ ತರುವ ನೋರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಓಆರ್‌ಎಸ್ ಪೊಟ್ಟಣ ಆರೇಳು ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇದ್ದರೂ ಭೇದಿ ಆದಾಗ ಓಆರ್‌ಎಸ್ ಕುಡಿಯಬೇಕು, ಸಕ್ಕರೆ ಮಟ್ಟ ನೋಡುತ್ತಿದ್ದರೆ ಆಯಿತು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಟೀ ಚಮಚದ ಅಳತೆಯಲ್ಲಿ. ಭೇದಿ ನಿಲ್ಲಿಸುವ ಲೋಪೆರಮೈಡ್ ದೊಡ್ಡವರಿಗೆ ಒಂದು ದಿನದ ಮಟ್ಟಿಗೆ ನಡೆಯುತ್ತದೆ. ಜ್ವರ ಇದ್ದರೆ, ರಕ್ತ ಬಿದ್ದರೆ ಬೇಡ. ಮಗನಿಗೆ ಕೊಡಲೇಬೇಡಿ. ಜ್ವರ, ರಕ್ತ, ನಿಲ್ಲದ ವಾಂತಿ ಇದ್ದರೆ ವೈದ್ಯರೇ ನೋಡಬೇಕು. ಅಮ್ಮನಿಗೆ ಜೋರು ಭೇದಿಯಾದರೆ ಮೂತ್ರದ ಮಾತ್ರೆ ಮುಂದುವರಿಸಬೇಕಾ ಅನ್ನುವುದನ್ನು ಅದೇ ದಿನ ವೈದ್ಯರಿಗೆ ಕೇಳಿ.

ಲಸಿಕೆಗೆ ಈಗಲೇ ಹೋಗಿ. ನಾಲ್ಕರಿಂದ ಆರು ವಾರ ಮೊದಲು ಅಂತ ನಾವು ಹೇಳುವುದು, ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕು ಮತ್ತು ಮೈ ರಕ್ಷಣೆ ಕಟ್ಟಿಕೊಳ್ಳಲು ಸಮಯ ಬೇಕು ಅಂತ. ಆ ದ್ವೀಪಕ್ಕೆ ಯಾವುದು ಬೇಕು ಅನ್ನುವುದನ್ನು ನಿಮ್ಮ ವೈದ್ಯರು ನೋಡಿ ಹೇಳುತ್ತಾರೆ. ಹೆಪಟೈಟಿಸ್ ಎ, ಟೈಫಾಯ್ಡ್ ಸಾಮಾನ್ಯವಾಗಿ ಮಾತಿಗೆ ಬರುತ್ತವೆ. ದಡಾರದ ಲಸಿಕೆ ಆಗಿದೆಯಾ, ಟೆಟನಸ್ ಹಾಕಿಸಿ ಹತ್ತು ವರ್ಷ ಆಯಿತಾ ಅಂತ ಎಲ್ಲರೂ ನೋಡಬೇಕು. ಹಳದಿ ಜ್ವರದ ಪ್ರಮಾಣಪತ್ರ ಕೇಳುವ ದೇಶವಾದರೆ, ಅಥವಾ ಅಂಥ ಸೋಂಕು ಇರುವ ದೇಶದಲ್ಲಿ ವಿಮಾನ ಬದಲಿಸುವುದಿದ್ದರೆ, ಲಸಿಕೆ ಹಾಕಿದ 10 ದಿನದ ನಂತರವೇ ಅದು ಚಾಲ್ತಿಗೆ ಬರುತ್ತದೆ. 2016ರ ಜುಲೈನಿಂದ ಅದು ಜೀವಮಾನಕ್ಕೂ ನಡೆಯುತ್ತದೆ. 60 ದಾಟಿದವರಿಗೆ ಮೊದಲ ಸಲ ಈ ಲಸಿಕೆ ಕೊಡುವಾಗ ಅಪಾಯ ಸ್ವಲ್ಪ ಹೆಚ್ಚು, ಹಾಗಾಗಿ ನಿಮ್ಮ ಅಮ್ಮನ ಬಗ್ಗೆ ಬೇರೆಯಾಗಿ ಯೋಚಿಸಬೇಕಾಗುತ್ತದೆ.

ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಅಂಗಡಿಯಿಂದ ಬಂದ ಕವರಿನಲ್ಲೇ, ವೈದ್ಯರ ಚೀಟಿಯ ಜೊತೆ ಒಯ್ಯಿರಿ. ಒಂದು ದೇಶದಲ್ಲಿ ಸಾಮಾನ್ಯ ಮದ್ದು ಇನ್ನೊಂದರಲ್ಲಿ ನಿಷಿದ್ಧ ಇರಬಹುದು. ಸ್ಯೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆಯನ್ನು ಜಪಾನ್ ಒಳಗೆ ಬಿಡುವುದಿಲ್ಲ. ಕೊಡೀನ್, ಟ್ರಾಮಡಾಲ್‌ನಂಥ ನೋವಿನ ಮದ್ದಿಗೆ ಯುಎಇ ಮೊದಲೇ ಅನುಮತಿ ಕೇಳುತ್ತದೆ. ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು ಅನ್ನುವ ದೇಶಗಳು ಬಹಳ ಇವೆ, ಮಗನದ್ದನ್ನು ಮುಖ್ಯವಾಗಿ ನೋಡಿ. ಮಕ್ಕಳ ಪಾಸ್‌ಪೋರ್ಟ್ ಬೇಗ ಮುಗಿಯುತ್ತದೆ. ಮದುವೆಗೆ ಹಾಕುವ ಬಟ್ಟೆ, ಒಂದು ವಾರದ ಮಾತ್ರೆ ಕೈಚೀಲದಲ್ಲಿ. ಬ್ಯಾಗ್ ಬರಲಿಲ್ಲ ಅಂದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ.

ವಿಮೆಗೆ ಟಿಕೆಟ್ ಮಾಡಿಸಿದ ದಿನವೇ ಹೋಗಬೇಕಿತ್ತು. ಇನ್ನೂ ಮಾಡಿಸದಿದ್ದರೆ ಈ ವಾರ ಮಾಡಿಸಿ. ಅಮ್ಮನ ಬಿ.ಪಿ., ಸಕ್ಕರೆ ಎರಡನ್ನೂ ಅರ್ಜಿಯಲ್ಲಿ ಬರೆಯಿರಿ. ಕಂತು ಉಳಿಸಲು ಮುಚ್ಚಿಟ್ಟರೆ ಬೇಕಾದಾಗ ದುಡ್ಡು ಬರುವುದಿಲ್ಲ. ದ್ವೀಪದಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಅಂತ ಓದಿ ನೋಡಿ.

ನೀವು ಕೇಳಲಿಲ್ಲ, ಆದರೆ ಹೇಳದೆ ಬಿಡಲಾರೆ. ವಿದೇಶಕ್ಕೆ ಹೋದ ಆರೋಗ್ಯವಂತರ ಜೀವಕ್ಕೆ ಹೆಚ್ಚಾಗಿ ಎರವಾಗುವುದು ಅಪರೂಪದ ಸೋಂಕುಗಳಲ್ಲ, ರಸ್ತೆ ಅಪಘಾತ ಮತ್ತು ನೀರಿನಲ್ಲಿ ಮುಳುಗುವುದು. ಊಟ, ಕುಡಿತ ಮುಗಿಸಿ ಬಾಡಿಗೆ ಸ್ಕೂಟರಿನಲ್ಲಿ ಹೊರಡುವವರನ್ನು ಕಂಡರೆ ನನಗೆ ನಿಜವಾಗಿ ಭಯ ಆಗುತ್ತದೆ. ಹೋಗಿ ಬರಲು ಕಾರು ಮೊದಲೇ ಗೊತ್ತು ಮಾಡಿ, ಸೀಟ್ ಬೆಲ್ಟ್ ಇದೆಯಾ ಕೇಳಿ. ದಂಡೆಯಲ್ಲಿ ದೊಡ್ಡವರೆಲ್ಲ ಮಾತಿನಲ್ಲಿ ಮುಳುಗಿರುವಾಗ ಮಕ್ಕಳು ಸದ್ದಿಲ್ಲದೆ ನೀರಿಗೆ ಇಳಿದಿರುತ್ತಾರೆ. ಎಲ್ಲರೂ ನೋಡುತ್ತಿದ್ದಾರೆ ಅಂದುಕೊಂಡಾಗ ಯಾರೂ ನೋಡುತ್ತಿರುವುದಿಲ್ಲ. ಈ ಅರ್ಧ ಗಂಟೆ ಮಗನ ಮೇಲೆ ಕಣ್ಣಿಡುವವರು ಯಾರು ಅಂತ ಹೆಸರು ಹೇಳಿ ಒಪ್ಪಿಸಿ. ಬೀದಿ ನಾಯಿ, ಕೋತಿಗಳನ್ನು ಮುಟ್ಟಬಾರದು ಅಂತ ಅವನಿಗೆ ಹೇಳಿಡಿ. ಕಚ್ಚಿದರೆ, ಪರಚಿದರೂ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಅಮ್ಮನ ವಿಷಯ. ಕರೆದುಕೊಂಡು ಹೋಗುವುದು ತಪ್ಪಲ್ಲ. ಮೂರು ವಾರ ಮೊದಲು ಅವರ ಬಿ.ಪಿ., ಸಕ್ಕರೆ ಹಿಡಿತದಲ್ಲಿದ್ದರೆ, ಈಚೆಗೆ ಎದೆನೋವು, ಉಬ್ಬಸ, ಆಸ್ಪತ್ರೆ ವಾಸ ಇಲ್ಲದಿದ್ದರೆ, ಎರಡು ದಿನ ಮೊದಲೇ ಇಳಿಯಲು ಆದರೆ, ನನಗೆ ಅವರನ್ನು ತಡೆಯಲು ಕಾರಣ ಕಾಣುವುದಿಲ್ಲ. ನೆರಳಿನ ಸಾಲಿನಲ್ಲಿ, ಹೊರಗೆ ಹೋಗಲು ಸುಲಭವಾದ ತುದಿಯ ಕುರ್ಚಿ ಅವರಿಗೆ ಇರಲಿ. ಕೈಯಲ್ಲಿ ಒಂದು ಬೀಸಣಿಗೆ, ಒದ್ದೆ ಮಾಡಿದ ಕರವಸ್ತ್ರ, ಒಂದು ಸಣ್ಣ ನೀರಿನ ಬಾಟಲಿ. ಹಿಂದಿನ ರಾತ್ರಿಯೇ ಇಳಿಯುವುದು ಅನಿವಾರ್ಯ ಆದರೆ ಮಾತ್ರ ಸಂಜೆ ಊಟಕ್ಕೆ ಬರುವ ಮಾತನ್ನು ಅವರ ಮುಂದಿಡಿ.

ವಾಪಸ್ ಬಂದ ಮೇಲೆ ಜ್ವರ ಬಂದರೆ ಅದನ್ನು ಸುಸ್ತಿನ ಜ್ವರ ಅಂದುಕೊಳ್ಳಬೇಡಿ. ಡೆಂಗಿ ಸಾಮಾನ್ಯವಾಗಿ ಸೊಳ್ಳೆ ಕಚ್ಚಿದ 4ರಿಂದ 10 ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ಮಲೇರಿಯಾ ವಾರದ ನಂತರ ಯಾವಾಗ ಬೇಕಾದರೂ, ಕೆಲವೊಮ್ಮೆ ತಿಂಗಳುಗಳ ನಂತರವೂ ಬರಬಹುದು. ಡೆಂಗಿ ಅಲ್ಲ ಅಂತ ಖಚಿತವಾಗುವವರೆಗೆ ಪ್ಯಾರಸಿಟಮಾಲ್ ಮಾತ್ರ ತಗೊಳ್ಳಿ. ಐಬುಪ್ರೊಫೇನ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಹುದು. ಅಮ್ಮನಿಗೆ ಆಸ್ಪಿರಿನ್ ಈಗಾಗಲೇ ನಡೆಯುತ್ತಿದ್ದರೆ ಅದನ್ನು ನೀವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿ. ಅವರ ಮುಂದೆ ಕೂತಾಗ ಜ್ವರ ಎಷ್ಟು ಅಂತ ಹೇಳುವ ಮೊದಲು, ಯಾವ ದೇಶಕ್ಕೆ ಹೋಗಿದ್ದಿರಿ, ಯಾವ ದಿನ ವಾಪಸ್ ಬಂದಿರಿ ಅಂತ ಹೇಳಿ. ನಮಗೆ ಯಾವ ರಕ್ತ ಪರೀಕ್ಷೆ ಬರೆಯಬೇಕು ಅಂತ ಗೊತ್ತಾಗುವುದು ಅದರಿಂದಲೇ.